ತೋಡಿನ ಬದಿಯ ಮರ: ಮಗುವಿನ ಜೊತೆ ಕಾಡು ಆರ್ಕಿಡ್ ಬೆಳೆಸುವುದು, ಗಾಳ ಹಾಕುವುದು

ಅಡೂರಿನ ಕಡೆ ನಮ್ಮ ತೋಟದ ಕೆಳಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ. ಮುಂದೆ ಹೋಗಿ ಪಯಸ್ವಿನಿ ಹೊಳೆಗೆ, ಅದರ ಮೂಲಕ ಚಂದ್ರಗಿರಿಗೆ ಸೇರುತ್ತದೆ. ತೋಡಿನ ಬದಿಯಲ್ಲಿ ಹಳೆಯ ಹೆಬ್ಬಲಸಿನ ಮರ. ಅದರ ಕೊಂಬೆಯ ಮೇಲೆ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್. ಮರದ ಬೇರಿನ ಅಡಿಯ ಗುಂಡಿಯಲ್ಲಿ ಮೀನು. ನನ್ನ ಎರಡು ಹವ್ಯಾಸಗಳೂ ಆ ಒಂದು ಮರದಲ್ಲಿವೆ. ಮಗಳಿಗೆ ನಾಲ್ಕು ತುಂಬಿದ ಮೇಲೆ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಈಗ ಅವಳಿಗೆ ಆರು.

ಎರಡನ್ನೂ ಒಟ್ಟಿಗೆ ಹೇಳಲು ಕಾರಣ ಇದೆ. ನಮ್ಮ ಕಾಸರಗೋಡಿನ ಹವೆಗೆ ಇವು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಗಾಳಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಏಪ್ರಿಲ್. ಮಳೆ ಬಂದ ಮೇಲೆ ಮಗುವನ್ನು ನೀರಿನ ಹತ್ತಿರ ಕರೆದುಕೊಂಡು ಹೋಗಲೇಬಾರದು. ಆಗ ಆರ್ಕಿಡ್ ಕಟ್ಟುವ ಕೆಲಸ ಬರುತ್ತದೆ. ಹಾಗಾಗಿ ಮಗುವಿಗೆ ವರ್ಷವಿಡೀ ಮನೆಯ ಹೊರಗೆ ಏನಾದರೂ ಇದ್ದೇ ಇರುತ್ತದೆ.

ಮೊದಲು ಮರ ಗುರುತಿಸಿ

ಆರ್ಕಿಡ್ ಗಿಡ ತರುವ ಮೊದಲು, ಗಾಳ ಕೊಳ್ಳುವ ಮೊದಲು, ಮಗುವಿನ ಜೊತೆ ತೋಡಿನ ಬದಿಯಲ್ಲಿ ಸುಮ್ನೆ ಒಮ್ಮೆ ನಡೆಯಿರಿ. ಮೇಲೆ ನೋಡಿ. ಹಲಸು, ಮಾವು, ಹೆಬ್ಬಲಸು, ಕಾಸರಕ, ಇಂತಹ ಹಳೆಯ ಮರಗಳ ಒರಟು ತೊಗಟೆಯಲ್ಲಿ ಆರ್ಕಿಡ್ ಇರುತ್ತದೆ. ನಮ್ಮೂರಲ್ಲಿ ತುಂಬಾ ಜನ ಇವನ್ನು ಬಂದಳಿಕೆ ಎಂದುಕೊಂಡು ಕಿತ್ತು ಬಿಸಾಡುತ್ತಾರೆ. ಅದು ತಪ್ಪು. ಬಂದಳಿಕೆ ಮರದೊಳಗೆ ಬೇರು ಇಳಿಸಿ ರಸ ಹೀರುತ್ತದೆ. ಆರ್ಕಿಡ್ ತೊಗಟೆಯನ್ನು ಹಿಡಿದು ಕುಳಿತಿರುತ್ತದೆ, ಅಷ್ಟೇ. ಮಳೆ, ಮಂಜು, ತೊಗಟೆಯ ಮೇಲೆ ಹರಿದು ಬರುವ ನೀರು, ಅದರಲ್ಲಿರುವ ಕಸದ ಸಾರ ಇಷ್ಟೇ ಅದಕ್ಕೆ ಸಾಕು. ಮರದಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಯಾವ ಮರದಲ್ಲಿ ಯಾವ ಗಿಡ ಎಂದು ನಮ್ಮ ಕರಾವಳಿಯವರಿಗೆ ಹಿಂದಿನಿಂದಲೂ ಗೊತ್ತಿತ್ತು. ಡಚ್ ಗವರ್ನರ್ ವಾನ್ ರೀಡ್ ಮಾಡಿಸಿದ, ಮಲಬಾರಿನ ಗಿಡಮರಗಳ ಪುಸ್ತಕ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂತು. ಅದರಲ್ಲಿ ಸೀತಾಳೆ ದಂಡೆಯ ಹೆಸರು 'ಆಂಜಿಲಿ ಮರವಾಳ'. ಆಂಜಿಲಿ ಅಂದರೆ ಮಲಯಾಳದಲ್ಲಿ ಹೆಬ್ಬಲಸು. ದಪ್ಪ ಎಲೆಯ ಸಿಂಬಿಡಿಯಂ ಆರ್ಕಿಡ್‌ಗೆ 'ಕಾಞಿರ ಮರವಾಳ' ಎಂದು ಹೆಸರು. ಕಾಞಿರ ಅಂದರೆ ನಮ್ಮ ಕಾಸರಕ. ಗಿಡದ ಹೆಸರಲ್ಲೇ ಮರದ ವಿಳಾಸ! ನಾನು ಗಿಡ ಕಟ್ಟಲು ಮರ ಆರಿಸುವಾಗ ಈಗಲೂ ಈ ಹೆಸರುಗಳನ್ನೇ ನೆನಪಿಸಿಕೊಳ್ಳುತ್ತೇನೆ.

ಈಗ ಅದೇ ಮರದ ಕೆಳಗೆ ನೋಡಿ. ನೀರಿನ ಮೇಲೆ ಚಾಚಿದ ಕೊಂಬೆಯಿಂದ ಇರುವೆ, ಹುಳ, ಹಣ್ಣು ಬೀಳುತ್ತದೆ. ನೆರಳು ಇರುತ್ತದೆ. ಬೇರಿನ ಸಂದಿಯಲ್ಲಿ ಅಡಗಲು ಜಾಗ ಇರುತ್ತದೆ. ಮೀನು ನಿಲ್ಲುವುದು ಅಲ್ಲೇ. ಮಗುವಿಗೆ ಇದನ್ನು ಬಾಯಲ್ಲಿ ಹೇಳಬೇಡಿ. ನಾಲ್ಕು ಅನ್ನದ ಅಗುಳು ಕೊಟ್ಟು ನೆರಳಿಗೊಂದು, ಬಿಸಿಲಿಗೊಂದು ಹಾಕಲು ಹೇಳಿ. ಅವಳೇ ನೋಡಿ ಹೇಳುತ್ತಾಳೆ.

ಯಾವ ಗಿಡ, ಎಲ್ಲಿಂದ?

ಸ್ಪೀಷೀಸ್ ಆರ್ಕಿಡ್ ಅಂದರೆ ಪ್ರಕೃತಿಯಲ್ಲಿ ಹೇಗಿದೆಯೋ ಹಾಗೆಯೇ ಇರುವ ಜಾತಿ. ಅಂಗಡಿಯಲ್ಲಿ ಸಿಗುವ ನೇರಳೆ ಬಣ್ಣದ ದೊಡ್ಡ ಹೂವಿನ ಡೆಂಡ್ರೋಬಿಯಂಗಳಲ್ಲಿ ಹೆಚ್ಚಿನವು ಮಿಶ್ರತಳಿ. ಅವೂ ಚಂದವೇ. ಆದರೆ ನಮ್ಮ ಮಳೆಗೆ, ನಮ್ಮ ಸೆಕೆಗೆ ಒಗ್ಗಿಕೊಂಡು ಮರದ ಮೇಲೆ ತಾನಾಗಿ ಬದುಕುವುದು ನಮ್ಮ ಊರಿನ ಜಾತಿಗಳು.

ಹೊಸಬರಿಗೆ ನಾಲ್ಕು ಸಾಕು. ಸೀತಾಳೆ ದಂಡೆ ಮೇ, ಜೂನ್ ಹೊತ್ತಿಗೆ ನರಿ ಬಾಲದ ಹಾಗೆ ಇಳಿಬಿಟ್ಟು ಹೂ ಬಿಡುತ್ತದೆ. ಅಸ್ಸಾಂ ರಾಜ್ಯದ ಹೂವೂ ಇದೇ. ಸಿಂಬಿಡಿಯಂ ಅಲೋಯಿಫೋಲಿಯಂಗೆ ಕತ್ತಾಳೆಯಂತಹ ದಪ್ಪ ಎಲೆ, ಎಷ್ಟು ಸೆಕೆ ಆದರೂ ತಡೆಯುತ್ತದೆ. ಅಕಾಂಪೆ ಪ್ರೆಮೋರ್ಸ ಹಲಸು, ಮಾವಿನಲ್ಲಿ ಸಾಮಾನ್ಯ. ಹಳದಿಯಲ್ಲಿ ಕಂದು ಗೆರೆಯ ಸಣ್ಣ ಹೂ, ಒಳ್ಳೆಯ ಪರಿಮಳ. ನಾಲ್ಕನೆಯದು ಡೆಂಡ್ರೋಬಿಯಂ ಒವಾಟಂ, ಪಶ್ಚಿಮ ಘಟ್ಟದ್ದೇ ಗಿಡ. ಮಳೆ ಮುಗಿದ ಮೇಲೆ ಎಲೆ ಎಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ. ಆಮೇಲೆ ಆ ಬೋಳು ಕಡ್ಡಿಯಲ್ಲೇ ಹೂ ಬರುತ್ತದೆ. ಸತ್ತಿತು ಎಂದು ಬಿಸಾಡಬೇಡಿ. ನಮ್ಮ ಅಮ್ಮ ಒಮ್ಮೆ ಗುಡಿಸುವಾಗ ಗೊಬ್ಬರದ ಗುಂಡಿಗೆ ಹಾಕಿದ್ದ ಒಂದು ಗಿಡ ಅಲ್ಲೇ ಹೂ ಬಿಟ್ಟಿತ್ತು.

ಎಲ್ಲಿಂದ ತರುವುದು ಎಂಬುದೇ ದೊಡ್ಡ ಪ್ರಶ್ನೆ. ಕಾಡಿನಿಂದ ಬೇಡ. ಮೀಸಲು ಅರಣ್ಯದಿಂದ ಗಿಡ ತರುವುದು ಅಪರಾಧ, ನೆಲಕ್ಕೆ ಬಿದ್ದದ್ದಾದರೂ ಸರಿ. ಎಲ್ಲ ಆರ್ಕಿಡ್ ಜಾತಿಗಳೂ ಕಾಡು ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಕಾನೂನು ಬದಿಗಿಟ್ಟರೂ ಇನ್ನೊಂದು ಕಾರಣ ಇದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಇದ್ದರೂ ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ತೊಗಟೆಯಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿದರೆ ಮಾತ್ರ ಅದು ಮೊಳೆಯುತ್ತದೆ. ಒಂದು ದೊಡ್ಡ ಗಿಡ ಕಿತ್ತರೆ ಆ ಜಾಗಕ್ಕೆ ಇನ್ನೊಂದು ಬರಲು ಎಷ್ಟು ವರ್ಷ ಬೇಕೋ!

ಕೊಳ್ಳುವುದಾದರೆ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ ಸಸಿ ಕೇಳಿ. ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರ ಇಲ್ಲದೆ, ಸಕ್ಕರೆ ಬೆರೆಸಿದ ಪಾಕದಲ್ಲೇ ಬೀಜ ಮೊಳೆಸುವ ವಿಧಾನ ತೋರಿಸಿಕೊಟ್ಟರು. ಬಾಟಲಿ ಸಸಿ ಬಂದದ್ದೇ ಅದರಿಂದ. ಕಾಡಿನಿಂದ ಕಿತ್ತದ್ದನ್ನು ಗುರುತಿಸುವುದು ಸುಲಭ. ಬೇರು ತುಂಡಾಗಿರುತ್ತದೆ, ಬೇರಿಗೆ ತೊಗಟೆಯ ಚೂರು ಅಂಟಿರುತ್ತದೆ, ಹಳೆಯ ಎಲೆಗಳನ್ನು ಹುಳ ತಿಂದಿರುತ್ತದೆ, ಒಂದು ಗಿಡದ ಹಾಗೆ ಇನ್ನೊಂದು ಇರುವುದಿಲ್ಲ. ಬಾಟಲಿಯ ಸಸಿಗಳು ಒಂದೇ ಅಳತೆಯವು, ಬೇರು ಇಡಿಯಾಗಿರುತ್ತದೆ. ಇದು ಗೊತ್ತಿಲ್ಲದ ಕಾಲದಲ್ಲಿ ಒಬ್ಬ ಮಾರಾಟಗಾರರಿಂದ ದೊಡ್ಡ ಸೀತಾಳೆ ಗಿಡ ತಂದಿದ್ದೆ. ಒಂದು ಮಳೆಗಾಲ ಬದುಕಿತು, ಮರುವರ್ಷ ಸತ್ತಿತು. ಈಗಲೂ ಬೇಸರ ಆಗುತ್ತದೆ.

ಅತ್ಯುತ್ತಮ ದಾರಿ ಬೇರೆಯೇ ಇದೆ. ಮುಂಗಾರಿನ ಮೊದಲ ಗಾಳಿಗೆ ತೋಟಗಳಲ್ಲಿ ಕೊಂಬೆ ಮುರಿದು ಬೀಳುತ್ತದೆ. ಸೌದೆಗೆಂದು ಹಲಸು, ಮಾವು ಕಡಿಯುತ್ತಾರೆ. ಆ ಕೊಂಬೆಯ ಮೇಲಿನ ಗಿಡ ನೆಲದಲ್ಲಿ ಕೊಳೆಯುತ್ತದೆ. ತೋಟದವರನ್ನು ಕೇಳಿ ಅದನ್ನು ಎತ್ತಿಕೊಳ್ಳಿ. ನಮ್ಮ ಮನೆಯ ಹದಿನಾಲ್ಕು ಗಿಡಗಳಲ್ಲಿ ಹನ್ನೊಂದು ಹೀಗೆ ಬಂದವು. ನೆಲದಲ್ಲಿ ಬಿದ್ದದ್ದನ್ನು ಹುಡುಕುವುದರಲ್ಲಿ ಮಗುವಿನ ಕಣ್ಣು ನಮ್ಮದಕ್ಕಿಂತ ಚುರುಕು.

ಬಿದ್ದ ಗಿಡವನ್ನು ಮರಕ್ಕೆ ಕಟ್ಟುವ ಕ್ರಮ

ಮೊದಲು ಬೇರು ನೋಡಿ. ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗಾಗಿ ಸಿಪ್ಪೆ ಜಾರಿ ನಾರು ಮಾತ್ರ ಉಳಿದರೆ ಸತ್ತಿದೆ. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ, ಆರಿಸಿ, ಸತ್ತದ್ದನ್ನು ಮಾತ್ರ ಕತ್ತರಿಸಿ. ಸಣ್ಣ ಕೊಂಬೆಯಾದರೆ ಗಿಡವನ್ನು ಬಿಡಿಸಲೇಬೇಡಿ. ಕೊಂಬೆಯ ತುಂಡಿನ ಸಮೇತ ಕಟ್ಟಬಹುದು. ಹಾಗೆ ಕಟ್ಟಿದ ಗಿಡ ಬೇಗ ಚೇತರಿಸಿಕೊಳ್ಳುತ್ತದೆ.

ಬೇರು ಕತ್ತರಿಸಿದ್ದರೆ ಎರಡು ದಿನ ನೆರಳಲ್ಲಿ, ಗಾಳಿ ಆಡುವ ಕಡೆ ತೂಗು ಹಾಕಿ. ಗಾಯ ಒಣಗಬೇಕು. ಗಡಿಬಿಡಿಯಲ್ಲಿ ಮಳೆಗೆ ಇಟ್ಟರೆ ಅಲ್ಲಿಂದಲೇ ಕೊಳೆ ಹಿಡಿಯುತ್ತದೆ.

ಆಮೇಲೆ ಮರ. ಒರಟು ತೊಗಟೆ ಬೇಕು. ಪೇರಳೆಯ ಹಾಗೆ ಸಿಪ್ಪೆ ಸುಲಿಯುವ ಮರ ಬೇಡ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಬದಿ ಒಳ್ಳೆಯದು. ಎತ್ತರ ಎಷ್ಟು? ನಾನು ಮಗಳ ಕಣ್ಣಿನ ಮಟ್ಟಕ್ಕೆ ಕಟ್ಟುತ್ತೇನೆ. ದೊಡ್ಡವರ ಎತ್ತರಕ್ಕೆ ಕಟ್ಟಿದರೆ ಮಗು ಅದನ್ನು ಮರೆತೇ ಬಿಡುತ್ತದೆ.

ಕಟ್ಟುವುದು ಬಾಳೆನಾರಿನಲ್ಲಿ ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿಯಲ್ಲಿ. ಗಿಡ ಕಚ್ಚಿಕೊಳ್ಳುವ ಹೊತ್ತಿಗೆ ಅದು ತಾನಾಗಿ ಕೊಳೆತು ಬೀಳುತ್ತದೆ. ತಂತಿ ಬೇಡ. ಗಿಡ ಒಂದಿಷ್ಟೂ ಅಲುಗಬಾರದು. ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿದರೆ ಮುರಿಯುತ್ತದೆ. ಸೀತಾಳೆಯ ಗಿಡವನ್ನು ಸ್ವಲ್ಪ ಕೆಳಗೆ ಬಾಗಿದ ಹಾಗೆ ಕಟ್ಟಿ. ನೆಟ್ಟಗೆ ನಿಲ್ಲಿಸಿದರೆ ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದಲ್ಲ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಆರ್ಕಿಡ್ ಸಾಯುವುದು ನೀರು ಸಾಲದೆ ಅಲ್ಲ, ಜಾಸ್ತಿಯಾಗಿ. ಅದಕ್ಕೇ ತೆಂಗಿನ ಸಿಪ್ಪೆಯನ್ನು ಬೇರಿನ ಮೇಲೆ ಮುಚ್ಚಿ ಕಟ್ಟುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಘಟ್ಟದ ಆಚೆ ಒಣ ಊರಲ್ಲಿ ಅದು ಸರಿಯಾಗಬಹುದು.

ಸಮಯ ಹೇಳುವುದಾದರೆ ಮೇ ಕೊನೆಯಿಂದ ಜೂನ್. ಬೇರಿನ ತುದಿ ಹಸಿರಾಗಿ ಚಿಗುರುವ ಹೊತ್ತು ಅದು.

ನೀರು, ಗೊಬ್ಬರ, ಮತ್ತು ಮೈಲುತುತ್ತ

ನೀರು ಕೊಡುವ ಕೆಲಸವನ್ನು ಪೂರ್ತಿ ಮಗುವಿಗೆ ಬಿಡಿ. ಅದಕ್ಕೆ ಒಂದು ಗುರುತು ಇದೆ. ಒಣಗಿದ ಬೇರು ಬೆಳ್ಳಿಯ ಹಾಗೆ ಬಿಳಿ. ನೀರು ಬಿದ್ದರೆ ಕಣ್ಣೆದುರೇ ಹಸಿರಾಗುತ್ತದೆ. ಬೇರಿನ ಹೊರಗೆ ಸ್ಪಂಜಿನಂತಹ ಪದರ ಇದೆ. ಅದು ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. "ಬಿಳಿ ಇದ್ದರೆ ಬಾಯಾರಿಕೆ, ಹಸಿರಿದ್ದರೆ ಸಾಕು" ಎಂದು ಹೇಳಿಕೊಟ್ಟೆ. ಬೆಳಗ್ಗೆ ಎದ್ದು ಸ್ಪ್ರೇ ಬಾಟಲಿ ಹಿಡಿದು ಹೋಗುತ್ತಾಳೆ. ನವೆಂಬರಿನಿಂದ ಮಳೆ ಬರುವವರೆಗೆ ಇದೇ ಕ್ರಮ. ಎಲೆ ಉದುರಿಸಿದ ಡೆಂಡ್ರೋಬಿಯಂಗೆ ಮಾತ್ರ ವಾರಕ್ಕೆ ಒಂದೆರಡು ಸಲ ಸಾಕು.

ಗೊಬ್ಬರ ತೀರಾ ಕಡಿಮೆ. 19:19:19 ನೀರಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿ, ಹೊಸ ಬೇರು ಎಲೆ ಬರುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಮೀನು ತೊಳೆದ ನೀರನ್ನು ಕರಿಬೇವಿಗೆ ಹಾಕಿ, ಆರ್ಕಿಡ್‌ಗೆ ಬೇಡ, ಇರುವೆ ಮುತ್ತುತ್ತದೆ.

ಅಡಿಕೆ ತೋಟದವರು ಗಮನ ಇಡಬೇಕಾದ್ದು ಇನ್ನೊಂದು. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರ ಡೆಂಡ್ರೋಬಿಯಂನಂತಹ ಆರ್ಕಿಡ್‌ಗಳ ಎಲೆ, ಬೇರಿನ ತುದಿ ಸುಡುತ್ತದೆ. ಹಾಗಾಗಿ ಅಡಿಕೆ ಮರಕ್ಕೂ ಅದರ ಪಕ್ಕದ ಮರಕ್ಕೂ ಆರ್ಕಿಡ್ ಕಟ್ಟಬೇಡಿ. ಅದೇ ತಾಮ್ರ ಮೀನಿಗೆ ವಿಷ. ಮದ್ದಿನ ಡ್ರಮ್ಮು, ಪಂಪು, ಪೈಪು ತೋಡಲ್ಲಿ ತೊಳೆದರೆ ಕೆಳಗಿನ ಗುಂಡಿಯ ಮರಿಗಳು ಸಾಯುತ್ತವೆ. ಇದನ್ನು ನಾನು ನಮ್ಮದೇ ತೋಡಲ್ಲಿ ನೋಡಿದ್ದೇನೆ. ಆ ವರ್ಷದಿಂದ ಡ್ರಮ್ಮು ತೊಳೆಯುವುದು ಅಂಗಳದ ಮೇಲಿನ ಬರಡು ಜಾಗದಲ್ಲಿ. ಕೆಲಸಕ್ಕೆ ಬರುವವರಿಗೂ ಮೊದಲೇ ಹೇಳಿ ಇಡುತ್ತೇನೆ.

ಮಗುವಿನ ಅಳತೆಯ ಗಾಳ

ಅಂಗಡಿಯ ರೀಲ್ ಇರುವ ರಾಡ್ ಈಗಲೇ ಬೇಡ. ಮಗು ಹಿಡಿಯನ್ನು ತಿರುಗಿಸುತ್ತಾ ಇರುತ್ತದೆ, ನೀರು ನೋಡುವುದಿಲ್ಲ. ಐದಾರು ಅಡಿಯ ಓಟೆಯ, ಅಂದರೆ ತೆಳು ಬಿದಿರಿನ ಕೋಲು ಸಾಕು. ಒಣಗಿದ್ದು, ಹಗುರವಾಗಿದ್ದು, ಹಿಡಿಯುವ ಕಡೆ ಗಂಟು ಉಜ್ಜಿ ನಯ ಮಾಡಿದ್ದು. ತಂಗೀಸು, ಅಂದರೆ ನೈಲಾನ್ ದಾರ, ಕೋಲಿಗಿಂತ ಒಂದು ಗೇಣು ಕಡಿಮೆ ಇರಲಿ. ಉದ್ದ ಜಾಸ್ತಿಯಾದರೆ ಮೇಲಿನ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಬೆಂಡಿಗೆ ಹಳೆಯ ಹವಾಯಿ ಚಪ್ಪಲಿಯಿಂದ ಬೆರಳ ತುದಿಯಷ್ಟು ರಬ್ಬರ್ ಕತ್ತರಿಸಿ, ಕೆಂಪು ಬಣ್ಣ ಹಚ್ಚಿ. ಬೆಂಡು ಮುಳುಗುವುದನ್ನು ನೋಡುವುದೇ ಮಗುವಿಗೆ ಅರ್ಧ ಖುಷಿ.

ಅಂಗಡಿಯಲ್ಲಿರುವ ಅತಿ ಸಣ್ಣ ಗಾಳ ಕೇಳಿ, 12 ಅಥವಾ 14ನೇ ನಂಬರಿನದು. ಮನೆಗೆ ತಂದ ಕೂಡಲೇ ಇಕ್ಕಳದಿಂದ ಅದರ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಇದನ್ನು ಮರೆಯಬೇಡಿ. ಹಿಮ್ಮುಳ್ಳು ಇಲ್ಲದಿದ್ದರೆ ಮೀನಿನ ಬಾಯಿಂದಲೂ, ಬೆರಳಿಂದಲೂ ಗಾಳ ಸುಲಭವಾಗಿ ಜಾರಿ ಬರುತ್ತದೆ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು, ಹೋಗಲಿ.

ಎರೆಗೆ ಗೊಬ್ಬರದ ಗುಂಡಿಯ ಎರೆಹುಳು, ಗೋಧಿ ಹಿಟ್ಟಿನ ಗಟ್ಟಿ ಉಂಡೆ, ಇಲ್ಲವೇ ಕುಚ್ಚಲಕ್ಕಿಯ ಅನ್ನ. ಸಣ್ಣ ಪರಲ್ ಮೀನಿಗೆ ಹಿಟ್ಟೇ ಸಾಕು. ಎರೆಹುಳು ಚುಚ್ಚುವುದನ್ನು ನೋಡಲು ಕೆಲವು ಮಕ್ಕಳಿಗೆ ಕಷ್ಟ. ಒತ್ತಾಯ ಬೇಡ.

ಮೊದಲ ಮೂರು ದಿನ

ಜಾಗ: ಕಟ್ಟ ಹಾಕಿದ ತೋಡು. ನಮ್ಮ ಜಿಲ್ಲೆಯ ಏತಡ್ಕದಂತಹ ಊರುಗಳಲ್ಲಿ ಇನ್ನೂ ಊರವರೇ ಸೇರಿ ನವೆಂಬರ್, ಡಿಸೆಂಬರ್ ಹೊತ್ತಿಗೆ ತೋಡಿಗೆ ಕಲ್ಲು, ಮಣ್ಣಿನ ಕಟ್ಟ ಹಾಕುತ್ತಾರೆ. ತೋಟಕ್ಕೆ ನೀರು ಸಿಗುತ್ತದೆ, ಬಾವಿಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ಒರತೆ ನಿಲ್ಲುತ್ತದೆ. ಕಟ್ಟದ ಹಿಂದೆ ನಿಂತ ನೀರು ನಿಧಾನ, ತಿಳಿ. ಮಗುವಿಗೆ ಮೊಣಕಾಲು ಮಟ್ಟದ ನೀರಿರುವ ಅಂಚನ್ನು ಆರಿಸಿ. ಆದರೆ ಕಟ್ಟದ ಮೇಲೆ ಹತ್ತಿ ಕೂರಬೇಡಿ, ಅದು ಊರಿನವರ ದುಡಿಮೆ, ಕುಸಿದೀತು.

ಮೊದಲ ದಿನ ಗಾಳ ಬೇಡ. ಅನ್ನ ಹಾಕಿ ಮೀನು ನೋಡಿ ಬನ್ನಿ. ಎರಡನೆಯ ದಿನ ಗಾಳ ಇಲ್ಲದ ಕೋಲು, ದಾರ, ಬೆಂಡು. ಎಲ್ಲಿ ಬೇಕೋ ಅಲ್ಲಿ ಬೆಂಡು ಬೀಳಿಸಲು ಅಭ್ಯಾಸ. ಮೂರನೆಯ ದಿನ ಗಾಳ. ಹೊತ್ತು ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ. ಮುಕ್ಕಾಲು ಗಂಟೆ ಸಾಕು. ಅವಲಕ್ಕಿ, ಬಾಳೆಹಣ್ಣು ಏನಾದರೂ ತಿನ್ನಲು ಇರಲಿ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೊದಲ ಸಲ ಬೆಂಡು ಮುಳುಗಿದಾಗ ಮೀನು ಹೋಗುತ್ತದೆ ಎಂದು ಅವಳ ಕೈಯಿಂದ ಕೋಲು ಕಿತ್ತುಕೊಂಡು ನಾನೇ ಎಳೆದೆ. ಮೀನು ಸಿಕ್ಕಿತು. ಅವಳು ಅಳಲಿಲ್ಲ, ಮಾತಾಡಲಿಲ್ಲ. ಎರಡು ವಾರ ತೋಡಿನ ಕಡೆ ಬರಲೇ ಇಲ್ಲ. ಆಮೇಲೆ ಬಂದಾಗ, "ಅಪ್ಪ, ಈ ಸಲ ನೀನು ಮುಟ್ಟುದು ಬೇಡ" ಎಂದಳು. ಆ ದಿನ ನಾಲ್ಕು ಮೀನು ತಪ್ಪಿಸಿಕೊಂಡವು. ನಾನು ಕೈ ಕಟ್ಟಿ ಕುಳಿತೆ. ಐದನೆಯದನ್ನು ಅವಳೇ ಎತ್ತಿದಳು.

ನೀರಿನ ಭಯ ಇರಲೇಬೇಕು

ಮಗು ನಿಮ್ಮ ಒಂದು ಕೈಯಳತೆಯಲ್ಲಿ ಇರಬೇಕು. ಫೋನ್ ಮನೆಯಲ್ಲಿ ಅಥವಾ ಕಿಸೆಯಲ್ಲಿ. ತೋಡು ಎಷ್ಟೇ ಸಣ್ಣದಿರಲಿ ಲೈಫ್ ಜಾಕೆಟ್ ಹಾಕಿ. ಕೆಂಪುಕಲ್ಲಿನ ಕೋರೆಯಲ್ಲಿ ನಿಂತ ನೀರಿಗೆ ಯಾವತ್ತೂ ಹೋಗಬೇಡಿ. ಅಂಚು ನೆಟ್ಟಗೆ ಇರುತ್ತದೆ, ಆಳ ಗೊತ್ತಾಗುವುದಿಲ್ಲ, ಹತ್ತಿ ಬರಲು ಹಿಡಿತ ಇಲ್ಲ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರದ ಪ್ರಕರಣಗಳು ಕಂಡಿವೆ. ನಿಂತ ನೀರು ಮೂಗಿಗೆ ಹೋಗುವುದೇ ಅದರ ಮುಖ್ಯ ದಾರಿ. ಆದ್ದರಿಂದ ಮುಳುಗಾಟ, ನೀರೆರಚಾಟ ಬೇಡ. ಕಾಲಲ್ಲಿ ಗಾಯ ಇದ್ದರೆ ನೀರಿಗೆ ಇಳಿಸಬೇಡಿ, ಇಲಿಜ್ವರದ ಭಯ.

ಗಾಳವನ್ನು ದೊಡ್ಡವರೇ ಕಟ್ಟಬೇಕು, ದೊಡ್ಡವರೇ ಬಿಚ್ಚಬೇಕು. ನಡೆಯುವಾಗ ಅದನ್ನು ಬೆಂಡಿನ ರಬ್ಬರಿಗೆ ಚುಚ್ಚಿಡಿ. ಮಗುವಿಗೆ ಟೊಪ್ಪಿ ಹಾಕಿ. ಬೆರಳಿಗೆ ಆಳವಾಗಿ ಚುಚ್ಚಿದರೆ, ಕಣ್ಣಿನ ಹತ್ತಿರ ತಾಗಿದರೆ ಎಳೆಯಲು ಹೋಗದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೀನು ಸಿಕ್ಕ ಮೇಲೆ

ಮುಟ್ಟುವ ಮೊದಲು ಕೈ ಒದ್ದೆ ಮಾಡಿ. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಹೋಗಿ ಆಮೇಲೆ ಅದಕ್ಕೆ ರೋಗ ತಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೋಡಿನದೇ ನೀರು ಹಾಕಿ ಐದು ನಿಮಿಷ ನೋಡಲು ಬಿಡಿ. ಚುಕ್ಕೆ ಎಲ್ಲಿದೆ, ಮೀಸೆ ಇದೆಯಾ, ಬಾಯಿ ಮೇಲಕ್ಕಾ ಕೆಳಕ್ಕಾ. ಮುಗುಡು, ಚೇಳುಮೀನು ಬಂದರೆ ಮಗುವಿನ ಕೈಗೆ ಕೊಡಬೇಡಿ. ರೆಕ್ಕೆಯ ಮುಳ್ಳು ಚುಚ್ಚುತ್ತದೆ. ಚೇಳುಮೀನಿನ ಮುಳ್ಳಿನಲ್ಲಿ ವಿಷವೂ ಇದೆ.

ಉದ್ದಕ್ಕೆ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ ಇರುವ ಮೀನು ಕಂಡರೆ ಕೂಡಲೇ ಬಿಡಿ. ಅದು ಮಿಸ್ ಕೇರಳ. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದು ಅಪಾಯದ ಅಂಚಿಗೆ ಬಂದಿದೆ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಬದುಕುವ ಮೀನು, ಆ ಹೊಳೆಗಳಲ್ಲಿ ನಮ್ಮ ಚಂದ್ರಗಿರಿಯೂ ಒಂದು. ಕೆಳಗೆ ಉಪ್ಪುನೀರು ಸೇರುವ ಕಡೆ ಕರಿಮೀನು ಸಿಗುತ್ತದೆ. ಅದರ ಗಂಡು ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ. ಸುತ್ತ ಮರಿಗಳು ಕಂಡರೆ ಅಲ್ಲಿ ಗಾಳ ಹಾಕಬೇಡಿ.

ತಿನ್ನುವುದಾದರೆ ಎರಡೋ ಮೂರೋ ಸಾಕು. ಒದ್ದಾಡಲು ಬಿಡದೆ ಕೂಡಲೇ ತಲೆಗೆ ಹೊಡೆದು ಕೊಲ್ಲಿ. ಮಗು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮಲ್ಲಿ ಉಪ್ಪು, ಮೆಣಸು, ಅರಸಿನ ಹಚ್ಚಿ ತೆಂಗಿನೆಣ್ಣೆಯಲ್ಲಿ ಕಾಯಿಸುತ್ತಾರೆ. ಅಜ್ಜಿ ಮೊದಲ ತುಂಡನ್ನು ಹಿಡಿದವಳಿಗೇ ಕೊಡುತ್ತಾರೆ.

ಮಳೆ ಬಂದ ಮೇಲೆ

ಜೂನ್ ಮೊದಲ ಮಳೆಗೆ ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತವೆ. ಮಲಯಾಳದಲ್ಲಿ ಇದಕ್ಕೆ ಊತ್ತ ಎನ್ನುತ್ತಾರೆ. ಆ ಹೊತ್ತಿಗೆ ಕೂಳಿ ಎಂಬ ಮೀನು ಹಿಡಿಯುವ ಬುಟ್ಟಿ ಇಟ್ಟು, ಬಲೆ ಅಡ್ಡ ಕಟ್ಟಿ ಹಿಡಿಯುವುದು ಹಿಂದಿನಿಂದ ಬಂದ ಅಭ್ಯಾಸ. ಆದರೆ ಒಂದು ಮೀನು ಹಿಡಿದರೆ ಅದರ ಹೊಟ್ಟೆಯ ಮೊಟ್ಟೆ ಎಲ್ಲವೂ ಹೋಯಿತು. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನಿನಡಿ ಇದು ನಿಷಿದ್ಧ. ನಾನು ಮಗಳನ್ನು ಮನೆಯ ಹತ್ತಿರದ ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸುತ್ತೇನೆ. ಕೊಡೆ ಹಿಡಿದು ನಿಂತು ನೋಡುತ್ತಾಳೆ.

ಗಾಳದ ಕೋಲು ಅಟ್ಟಕ್ಕೆ ಹೋಗುತ್ತದೆ. ಕೋಲಿಗೆ ಎಣ್ಣೆ ಸವರಿ, ಗಾಳವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡಿ. ಅಲ್ಲಿಂದ ಸೆಪ್ಟೆಂಬರ್ ತನಕ ನಮ್ಮ ಕೆಲಸ ಊಟದ ನಂತರ. ಹೊಸದಾಗಿ ಕಟ್ಟಿದ ಆರ್ಕಿಡ್‌ನ ಹಸಿರು ಬೇರು ತುದಿ ಎಂದರೆ ಬಸವನಹುಳುವಿಗೆ ಪ್ರಾಣ. ಒಂದೇ ರಾತ್ರಿಯಲ್ಲಿ ಎಲ್ಲ ಕೊರೆದು ಹಾಕುತ್ತದೆ. ಮದ್ದು ಬೇಡ, ಉಪ್ಪೂ ಬೇಡ. ಕಾಲಿಗೆ ಗಂಬೂಟು ಹಾಕಿ, ಟಾರ್ಚ್ ಹಿಡಿದು, ಮರಕ್ಕೆ ಒಂದು ಸುತ್ತು ಬಂದು ಹೆಕ್ಕಿ ಡಬ್ಬಿಗೆ ಹಾಕಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಬಂದ ಮೇಲೆ ಸೋಪು ಹಾಕಿ ತೊಳೆಯಿರಿ. ಮೊನ್ನೆ ಮಗಳು ಹನ್ನೆರಡು ಹೆಕ್ಕಿದಳು, ನಾನು ಐದು. ಹೊಸದಾಗಿ ಕಟ್ಟಿದ ಸೀತಾಳೆಗೆ ಆರು ಹೊಸ ಬೇರು ಬಂದಿದೆ. ಅದನ್ನೂ ಅವಳೇ ಎಣಿಸಿ ಹೇಳಿದ್ದು.